ಮೆಣಸೆಯಲ್ಲಿ ಮೂರು ಸಂಜೆ

ಆಷಾಢಮಾಸದಲ್ಲಿ ಮಲೆನಾಡಿಗೆ ಪ್ರಯಾಣ ಬೆಳೆಸುವೆವೆಂದು ಹೇಳಿದಾಗ ನೆರೆಹೊರೆಯ ಮಿತ್ರರು ನಮ್ಮನ್ನು ಕನಿಕರದಿಂದ ನೋಡಿದರು. ಮಳೆಗಾಲದಲ್ಲಿ ಆ ಸೀಮೆಯವರೇ ಹೊಸ್ತಿಲು ದಾಟಲು ಹಿಂದುಮುಂದು ನೋಡುವರು. ಹೀಗಿರುವಲ್ಲಿ ಬೆಂಗಳೂರಿನಲ್ಲಿ ಬೆಚ್ಚಗಿರುವ ನಿಮಗೆ ಇದೇನು ದುರ್ಬುದ್ಧಿ ಎಂಬುದು ಆ ನೋಟದ ಅರ್ಥ. ಆದರೆ ಶೃಂಗೇರಿಯ ಬಳಿಯ ಮೆಣಸೆಯಲ್ಲಿರುವ ನಮ್ಮ ದೊಡ್ಡಮ್ಮನವರಿಂದ ಕಾಗದ ಬಂದಿದ್ದಿತು. ಎಂಬತ್ತೊಂದನೆಯ ವಯಸ್ಸಿನಲ್ಲಿಯೂ ಆಕೆ ಕಾಗದವನ್ನೇ ಬರೆಯುವರು. ಅದರಲ್ಲಿ ಇದ್ದುದು ಮೂರೇ ಪಂಕ್ತಿ: ತಾವು ಕುಶಲ, ಅಡಕೆಗೆ ಕೊಳೆರೋಗ ತಗಲದಂತೆ ಔಷಧ ಹೊಡೆಸಿದ್ದಾಯಿತು, ಕಿವಿ ಮಂದವಾಗುತ್ತಿದೆ, ಪೂರ್ತಿ ಮುಚ್ಚುವುದರೊಳಗೆ ಒಮ್ಮೆ ಬಂದು ಹೋಗುವುದು. ಮೂರನೆಯ ಪಂಕ್ತಿಯನ್ನು ಓದಿದ ಮೇಲೆ ಮಳೆಯ ವಿಚಾರ ನಮಗೆ ದೊಡ್ಡದಾಗಿ ತೋರಲಿಲ್ಲ. ದಂಪತಿಗಳಿಬ್ಬರೂ ಛತ್ರಿ, ಕಂಬಳಿ, ಒಂದು ಡಬ್ಬಿ ಮೈಸೂರುಪಾಕು ಇಷ್ಟನ್ನು ಕಟ್ಟಿಕೊಂಡು ಹೊರಟೆವು.

ಬೆಂಗಳೂರಿನಿಂದ ಶಿವಮೊಗ್ಗೆ, ಅಲ್ಲಿಂದ ತೀರ್ಥಹಳ್ಳಿ ಕೊಪ್ಪಗಳ ಮಾರ್ಗವಾಗಿ ಶೃಂಗೇರಿ. ಇದು ನಮ್ಮ ದಾರಿ. ಬಸ್ಸಿನಲ್ಲಿ ಕುಳಿತಿದ್ದವರಲ್ಲಿ ಅರ್ಧಕ್ಕೆ ಮಿಗಿಲಾದವರು ಕಿವಿಗೆ ಬೆಣೆ ಜಡಿದಂತೆ ಇಯರ್‌ಫೋನುಗಳನ್ನು ಸಿಕ್ಕಿಸಿಕೊಂಡಿದ್ದರು. ನಾವೂ ಅದಕ್ಕೆ ಹೊರತಾಗಿರಲಿಲ್ಲ. ಹೊತ್ತು ಹೋಗದೆ, ಶಿವಮೊಗ್ಗೆಯಿಂದ ತೀರ್ಥಹಳ್ಳಿಯವರೆಗೆ ನಾವು ಕೇಳಿದ ಹಾಡುಗಳನ್ನು ಲೆಕ್ಕವಿಟ್ಟು ನೋಡಿದೆವು. ಆರಂಭ ಮಾಡಿದುವು ಇಪ್ಪತ್ತಮೂರು. ಕೊನೆಯವರೆಗೆ ಕೇಳಿದುದು ಒಂದೂ ಇಲ್ಲ. ಪಲ್ಲವಿ ಮುಗಿಯುವುದರೊಳಗೆ ಬೆರಳು ಮುಂದಿನದನ್ನು ಹುಡುಕುತ್ತಿದ್ದಿತು. ಆ ದಿನ ಅದು ನಮಗೆ ವಿನೋದವಾಗಿಯೇ ಕಂಡಿತು.

ವಾಚಕರು ಇದನ್ನು ನಮ್ಮಿಬ್ಬರ ಚಾಪಲ್ಯವೆಂದು ತಿಳಿಯಬಾರದು. ಅಂತರ್ಜಾಲದ ಮೂಲಕ ಸಂಗೀತವನ್ನು ಹರಿಯಿಸುವ ಸಂಸ್ಥೆಗಳಲ್ಲೊಂದಾದ ಆಪಲ್ ಮ್ಯೂಸಿಕ್‌ನವರು ತಮ್ಮ ಭಂಡಾರದಲ್ಲಿ ಹತ್ತು ಕೋಟಿ ಹಾಡುಗಳು ಸೇರಿದುವೆಂದು 2022ರಲ್ಲಿ ಸಾರಿದರು. ಹಾಡೊಂದಕ್ಕೆ ಮೂರು ನಿಮಿಷದಂತೆ ಹಿಡಿದರೂ ಅದು ಮೂವತ್ತು ಕೋಟಿ ನಿಮಿಷ. ಹಗಲಿರುಳು ಎಡೆಬಿಡದೆ ಕೇಳಿದರೆ 570 ವರ್ಷ. ಪುರಂದರದಾಸರು ಹುಟ್ಟುವ ಮೊದಲೇ ಕೇಳಲು ಕುಳಿತ ಮನುಷ್ಯನಿಗೆ ಇಂದಿಗೆ ಮುಗಿಯುತ್ತಿದ್ದಿತು. ಇಷ್ಟು ದೊಡ್ಡ ಉಗ್ರಾಣದ ಬಾಗಿಲಲ್ಲಿ ನಿಂತವನಿಗೆ ಒಂದು ಕಾಳಿನ ರುಚಿ ತಿಳಿಯುವುದು ಹೇಗೆ? ಸ್ಪಾಟಿಫೈ ಎಂಬ ಇನ್ನೊಂದು ಸಂಸ್ಥೆಯ ಲೆಕ್ಕದಲ್ಲಂತೂ ಹಾಡು ಮೂವತ್ತು ಸೆಕೆಂಡು ಓಡಿದರೆ ಅದನ್ನು ಕೇಳಿದಂತೆಯೇ. ಮಿಕ್ಕುದನ್ನು ಕೇಳಿದರೂ ಒಂದೇ, ಬಿಟ್ಟರೂ ಒಂದೇ.

ಕೊಪ್ಪವನ್ನು ದಾಟಿದ ಮೇಲೆ ಮಳೆ ಹಿಡಿಯಿತು. ಹಿಡಿಯಿತೆಂದರೆ ಬಯಲುಸೀಮೆಯ ಮಳೆಯಂತೆ ಬಂದು ಹೋಗುವುದಲ್ಲ. ಮನೆಗೆ ಬಂದ ಬೀಗರಂತೆ ಬೀಡುಬಿಡುವುದು. ಶೃಂಗೇರಿಯಲ್ಲಿ ಇಳಿದಾಗ ತುಂಗೆ ಕೆಂಪಗೆ ತುಂಬಿ, ಸ್ನಾನಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಿದ್ದಳು. ಅಲ್ಲಿಂದ ಮೆಣಸೆ ಅನತಿದೂರದಲ್ಲಿದೆ. ನಕ್ಷೆಯಲ್ಲಿ ಹುಡುಕಿದರೆ ಮಾತ್ರ ಕಾಣುವ ಊರು. ಎತ್ತರದಲ್ಲಿ ಕಾಡು, ಇಳಿಜಾರಿನಲ್ಲಿ ಮನೆ, ತಗ್ಗಿನಲ್ಲಿ ಅಡಕೆಯ ತೋಟ, ಅದರಾಚೆ ನಾಟಿಗೆ ಹದಗೊಳಿಸಿದ ಗದ್ದೆ. ಮಲೆನಾಡಿನ ಊರಿನ ಲಕ್ಷಣವೆಲ್ಲವೂ ಅದಕ್ಕಿದೆ. ಹೊರಗಿನವರು ಈ ಊರಿನ ಹೆಸರನ್ನು ಕೇಳಿರುವುದು ಇಲ್ಲಿಯ ಸಂಸ್ಕೃತ ವಿದ್ಯಾಲಯದಿಂದ. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರವೆಂದು ಅದಕ್ಕೆ ಹೆಸರು. ಹೊರನಾಡುಗಳ ವಿದ್ಯಾರ್ಥಿಗಳೂ ಬಂದು ಶಾಸ್ತ್ರಗಳನ್ನು ಓದುತ್ತಾರೆ.

ತೋಟದ ದಾರಿಗೆ ಇಳಿದೊಡನೆ ನಮ್ಮ ಮೊಬೈಲ್ ಫೋನುಗಳ ಸಂಕೇತ ಅಡಗಿತು. ಮನೆಯನ್ನು ಸೇರುವುದರೊಳಗೆ ವಿದ್ಯುತ್ತೂ ಹೋಯಿತು. ಎಲ್ಲಿಯೋ ತಂತಿಯ ಮೇಲೆ ಮರ ಬಿದ್ದಿರಬೇಕು, ಮೂರು ದಿನವೆಂದು ಇಟ್ಟುಕೊಳ್ಳಿ ಎಂದು ದಾರಿಯಲ್ಲಿ ಕಂಡ ಕೆಲಸದಾಳು ನಿಶ್ಚಿಂತನಾಗಿ ಹೇಳಿ ಹೋದನು.

ದೊಡ್ಡಮ್ಮನವರು ಜಗಲಿಯಲ್ಲಿ ದೀಪವನ್ನು ಹಿಡಿದು ನಿಂತಿದ್ದರು. ಬಿಸಿನೀರು, ಒಲೆಯ ಮುಂದಿನ ಮಣೆ, ಹಲಸಿನ ಹಪ್ಪಳ, ಕೆಸುವಿನೆಲೆಯ ಪತ್ರೊಡೆ. ಮಲೆನಾಡಿನ ಉಪಚಾರವನ್ನು ಬಣ್ಣಿಸಹೊರಟರೆ ಲೇಖನ ಅಲ್ಲಿಯೇ ಮುಗಿದುಹೋಗುವುದು. ಮಾತನಾಡುವಾಗ ಆಕೆ ಬಲಗಿವಿಯನ್ನು ಸ್ವಲ್ಪ ಮುಂದಕ್ಕೆ ತರುತ್ತಿದ್ದುದನ್ನು ಮಾತ್ರ ನಾವು ಗಮನಿಸಿದೆವು. ಎರಡು ವರ್ಷಗಳ ಹಿಂದೆ ನಾವೇ ಒಂದು ಫೋನನ್ನು ಕೊಂಡು, ಆಕೆಗೆ ಪ್ರಿಯವಾದ ವೀಣೆಯ ಸಂಗೀತವೆಲ್ಲ ಒಂದೇ ಬೆರಳಿಗೆ ಸಿಕ್ಕುವಂತೆ ಸಜ್ಜುಗೊಳಿಸಿ ಕಳುಹಿಸಿದ್ದೆವು. ಅದು ದೇವರ ಕೋಣೆಯ ಗೂಡಿನಲ್ಲಿ, ಬಟ್ಟೆಯಲ್ಲಿ ಸುತ್ತಿ, ಭದ್ರವಾಗಿದ್ದಿತು. "ಕೊಡುಗೆ ಒಳ್ಳೆಯದೇ. ಆದರೆ ಅದರಲ್ಲಿ ಮುಗಿಯಿತು ಎಂಬುದೇ ಇಲ್ಲವಲ್ಲ" ಎಂದರು ದೊಡ್ಡಮ್ಮ.

ಸಂಜೆಯ ದೀಪ ಹಚ್ಚಿದ ಮೇಲೆ ಆಕೆ ನಡುಮನೆಯ ಮೂಲೆಯಲ್ಲಿದ್ದ ಪೆಟ್ಟಿಗೆಯ ಮೇಲಿನ ಹೊದಿಕೆಯನ್ನು ತೆಗೆದರು. ಕೀಲಿ ಕೊಟ್ಟು ತಿರುಗಿಸುವ ಹಳೆಯ ಗ್ರಾಮಫೋನ್. ಆಕೆಯ ಮಾವನವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕೊಂಡುದು. 1964ರಲ್ಲಿ ಆಕೆ ಸೊಸೆಯಾಗಿ ಈ ಮನೆಗೆ ಬಂದಾಗ ಊರಿನಲ್ಲಿ ಸಂಗೀತವೆಂದರೆ ಭಜನೆ, ಯಕ್ಷಗಾನ, ಈ ಪೆಟ್ಟಿಗೆ, ಇಷ್ಟೇ. ಮರುವರ್ಷ ಭದ್ರಾವತಿಯಲ್ಲಿ ಆಕಾಶವಾಣಿಯ ಕೇಂದ್ರ ಆರಂಭವಾಯಿತು, ರೇಡಿಯೋ ಬಂದಿತು, ಅನಂತರ ಕ್ಯಾಸೆಟ್ಟು, ದೂರದರ್ಶನ ಎಲ್ಲವೂ ಬಂದುವು. ಪೆಟ್ಟಿಗೆಯ ತಟ್ಟೆಗಳಲ್ಲಿ ಹೆಚ್ಚಿನವು ಒಡೆದುಹೋಗಿ ಈಗ ಉಳಿದಿರುವುವು ಒಂಬತ್ತು. ದಿನಕ್ಕೊಂದು ತಟ್ಟೆಯ ಒಂದೇ ಮುಖವನ್ನು ಆಕೆ ಕೇಳುವರು. ಕಾರಣವೇನೆಂದರೆ, ಉಕ್ಕಿನ ಸೂಜಿಯನ್ನು ಒಂದು ಮುಖಕ್ಕೆ ಒಂದರಂತೆ ಬದಲಿಸಬೇಕು. ಮೊಂಡಾದ ಸೂಜಿ ತಟ್ಟೆಯ ಗೆರೆಯನ್ನು ಕೆತ್ತಿ ತಿನ್ನುವುದು. ಸೂಜಿಯ ಡಬ್ಬಿಯನ್ನು ಅಲುಗಿಸಿ ತೋರಿಸುತ್ತ, "ಇವು ಮೊದಲು ಮುಗಿಯುವುವೋ, ಕಿವಿ ಮೊದಲು ಮುಗಿಯುವುದೋ, ಪಂದ್ಯ ನಡೆದಿದೆ" ಎಂದು ಆಕೆ ನಕ್ಕರು.

ಈ ಯಂತ್ರದ ಮರ್ಮವನ್ನು ಅರಿಯದ ಎಳೆಯರಿಗಾಗಿ ಎರಡು ಮಾತು. ತಟ್ಟೆಯ ಮೇಲೆ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುವ ಒಂದೇ ಗೆರೆ ಇದೆ. ಹಾಡಿದವರ ಧ್ವನಿಯ ಕಂಪನವೇ ಆ ಗೆರೆಯ ಓರೆಕೋರೆಗಳಾಗಿ ಮೂಡಿರುತ್ತದೆ. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುವಾಗ ಸೂಜಿ ಆ ಓರೆಕೋರೆಗಳಲ್ಲಿ ನಡುಗುವುದು. ಸೂಜಿಯ ನಡುಕ ತೆಳುವಾದ ಒಂದು ಬಿಲ್ಲೆಗೆ ಮುಟ್ಟಿ, ಕೊಂಬಿನ ಮೂಲಕ ಧ್ವನಿಯಾಗಿ ಹೊರಬೀಳುವುದು. ವಿದ್ಯುತ್ತಿನ ಹಂಗಿಲ್ಲ, ತಿರುಗಿಸುವ ಕೈಯ ಬಲವೇ ಸಾಕು. ತಟ್ಟೆಯ ಮುಖ್ಯ ದ್ರವ್ಯ ಅರಗು. ಮುತ್ತುಗವೇ ಮೊದಲಾದ ಮರಗಳ ಮೇಲೆ ಕೀಟಗಳು ಸುರಿಸುವ ಅಂಟು ಅದು. ದುರ್ಯೋಧನನು ಪಾಂಡವರಿಗೆ ಮನೆ ಕಟ್ಟಿಸಿದ ವಸ್ತುವೇ. ನಮ್ಮ ದೇಶದ ಅರಗು ಹಡಗೇರಿ ಹೋಗಿ, ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಯಾಗಿ, ನಮ್ಮವರದೇ ಹಾಡನ್ನು ಹೊತ್ತು ಹಿಂದಿರುಗುತ್ತಿದ್ದ ಕಾಲವೂ ಒಂದಿದ್ದಿತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆಯಾದ ಮೇಲೆ ಆ ಸುತ್ತು ತಪ್ಪಿತು. ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುವುದು ಮೂರು ನಿಮಿಷದ ಸಂಗೀತ. ಗಂಟೆಗಟ್ಟಲೆ ರಾಗವನ್ನು ಹರಡುತ್ತಿದ್ದ ವಿದ್ವಾಂಸರು ಆ ಮೂರು ನಿಮಿಷದೊಳಗೆ ತಮ್ಮ ವಿದ್ಯೆಯನ್ನು ಮಡಿಸಿ ಇಡಬೇಕಾಗಿದ್ದಿತು.

ಆ ಸಂಜೆ ದೊಡ್ಡಮ್ಮ ಆರಿಸಿದುದು ವೀಣೆಯ ಒಂದು ತಟ್ಟೆ. ನಡುವಣ ಕಾಗದದ ಚೀಟಿ ಸವೆದು, ನುಡಿಸಿದವರ ಹೆಸರು ಅಳಿಸಿಹೋಗಿದೆ. ಅಂಚಿನಿಂದ ಒಳಕ್ಕೆ ಕೂದಲೆಳೆಯಂತಹ ಒಂದು ಬಿರುಕು. "ಹಿಂದೆ ಸುತ್ತಿಗೊಂದು ಸಲ ಟಿಕ್ ಟಿಕ್ ಎನ್ನುತ್ತಿದ್ದಿತು. ಈಗ ತಟ್ಟೆ ಚೊಕ್ಕವಾಗಿದೆ, ಬಳಸುತ್ತ ಬಳಸುತ್ತ ಸರಿಹೋಗಿರಬೇಕು" ಎಂದು ಹೇಳಿ ಆಕೆ ಸೂಜಿಯನ್ನಿಳಿಸಿ ಕಣ್ಣು ಮುಚ್ಚಿದರು. ನಾವೂ ಕುಳಿತೆವು.

ಕುಳಿತೆವೆಂದರೆ ದೇಹಗಳು ಕುಳಿತುವು. ಮೊದಲ ಮೀಟಿಗೆ, ರಾಗ ಕಲ್ಯಾಣಿಯೆಂದು ತಿಳಿದು ಬಂದಿತು. ತಿಳಿಯಿತಲ್ಲ, ಇನ್ನೇನು ಎಂದು ಮನಸ್ಸು ಎದ್ದು ಹೊರಟಿತು. ಹಿಂತಿರುಗುವ ಬಸ್ಸು ಯಾವ ಹೊತ್ತಿಗೆ, ಬೆಂಗಳೂರಿನ ಮನೆಯ ಕಿಟಕಿಯನ್ನು ಮುಚ್ಚಿದೆವೋ ಇಲ್ಲವೋ, ಫೋನಿನಲ್ಲಿ ಸಂಕೇತ ಬಂದಿದೆಯೋ ಏನೋ. ಸಂಕೇತವಿಲ್ಲದ ಫೋನನ್ನು ನಮ್ಮಲ್ಲೊಬ್ಬರ ಕೈ ಎರಡು ಸಲ ಜೇಬಿನಿಂದ ತೆಗೆದು ಮತ್ತೆ ಇರಿಸಿತು. ಅಷ್ಟರಲ್ಲಿ ತಟ್ಟೆ ಮುಗಿಯಿತು.

ದೊಡ್ಡಮ್ಮ ಕಣ್ಣು ತೆರೆದು ಕೇಳಿದರು: "ಕೊನೆಯಲ್ಲಿ ತಾಳದ ತಂತಿಯ ಮೀಟು ಎರಡು ಬರಬೇಕು. ನನಗೆ ಒಂದು ಮಾತ್ರ ಬಂದಿತು. ನಿಮಗೆ ಎರಡೂ ಬಂದುವೆ?"

"ಬಂದುವು" ಎಂದೆವು. ಹೇಳಿದವರು ಇಬ್ಬರಲ್ಲಿ ಯಾರೆಂಬುದನ್ನು ಇಲ್ಲಿ ಕಾಣಿಸುವುದಿಲ್ಲ; ಮತ್ತೊಬ್ಬರೂ ತಲೆಯಾಡಿಸಿದುದರಿಂದ ಪಾಪದಲ್ಲಿ ಸಮಪಾಲು. ಸತ್ಯವೇನೆಂದರೆ, ಎರಡೂ ಇಲ್ಲ, ಒಂದೂ ಇಲ್ಲ. ನಮಗೆ ಯಾವುದೂ ಬಂದಿರಲಿಲ್ಲ. ಆಕೆ ಸಮಾಧಾನದಿಂದ, "ಹಾಗಾದರೆ ತಟ್ಟೆ ಚೆನ್ನಾಗಿದೆ. ಕೆಟ್ಟಿರುವುದು ನನ್ನ ಕಿವಿಯೇ" ಎಂದು ಹೇಳಿ ಹೊದಿಕೆಯನ್ನು ಮುಚ್ಚಿದರು.

ಊಟವಾದ ಮೇಲೆ ಮಳೆ ಕ್ಷಣಕಾಲ ತಡೆಯಿತು. ಒಡನೆಯೇ ತೋಟದಿಂದ ಜೀರುಂಡೆಗಳ ಗೋಷ್ಠಿ ಎದ್ದಿತು; ಕಪ್ಪೆಗಳೂ ಶ್ರುತಿಗೂಡಿಸಿದುವು. ಪಕ್ಕದಲ್ಲಿದ್ದವರ ಮಾತು ಕೇಳದಷ್ಟು ಗದ್ದಲ. ಜಗಲಿಯಲ್ಲಿ ಎಲೆಯಡಕೆ ಹಾಕಿಕೊಳ್ಳುತ್ತಿದ್ದ ದೊಡ್ಡಮ್ಮ, "ಈ ವರ್ಷ ಕಪ್ಪೆಗಳಿವೆ, ಜೀರುಂಡೆ ಮಾತ್ರ ಒಂದೂ ಇಲ್ಲ, ಕಂಡಿರಾ?" ಎಂದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲಾದ, ಎತ್ತರದ ಧ್ವನಿಗಳನ್ನು. ತಗ್ಗಿನ ಧ್ವನಿಗಳು ಬಹುಕಾಲ ಉಳಿಯುವುವು. ಇದು ವೈದ್ಯರೆಲ್ಲರೂ ಬಲ್ಲ ವಿಷಯ. ತಟ್ಟೆಯ ಟಿಕ್ಕು ಸರಿಹೋಗಿರಲಿಲ್ಲ. ಜೀರುಂಡೆಗಳೂ ಎಲ್ಲಿಗೂ ಹೋಗಿರಲಿಲ್ಲ. ಆಕೆಗೆ ಇದು ತಿಳಿಯದೆಂದು ನಾವು ಭಾವಿಸಿದೆವು. ಆದರೆ ಆಕೆ ಮೆಲ್ಲನೆ, "ಇವೆ, ಅಲ್ಲವೆ?" ಎಂದರು. ಈ ಸಲ ಸುಳ್ಳು ಹೇಳಲು ನಾಲಗೆ ಬರಲಿಲ್ಲ. ಆ ರಾತ್ರಿ ಕಂಬಳಿಯೊಳಗೆ ಬೆಚ್ಚಗೆ ಮಲಗಿದ್ದರೂ ನಮಗೆ ನಿದ್ದೆ ತಡವಾಗಿ ಬಂದಿತು.

ಮರುದಿನ ಛತ್ರಿ ಹಿಡಿದು ಶೃಂಗೇರಿಗೆ ಹೋದೆವು. ವಿದ್ಯಾಲಯದ ಬದಿಯಲ್ಲಿ ಹೋಗುವಾಗ ಮಳೆಯ ಸದ್ದಿನ ನಡುವೆ ಯಾರೋ ಹುಡುಗರು ಪಾಠ ಒಪ್ಪಿಸುತ್ತಿದ್ದುದು ಕೇಳಿಬಂದಿತು. ಒಬ್ಬನು ತಪ್ಪಿದಾಗ ಇನ್ನೊಬ್ಬನು ತಿದ್ದುತ್ತಿದ್ದನು. ಮೊದಲಿನವನು ಮತ್ತೆ ಆರಂಭದಿಂದ ಹಿಡಿಯುತ್ತಿದ್ದನು. ತಿದ್ದಬೇಕಾದರೆ ಕೇಳಬೇಕಷ್ಟೆ. ನಿನ್ನೆ ಸಂಜೆ ತಿದ್ದಬೇಕಾದ ಸ್ಥಾನದಲ್ಲಿ ಕುಳಿತು ನಾವು ಮಾಡಿದುದೇನೆಂಬುದು ಥಟ್ಟನೆ ನೆನಪಾಯಿತು.

ತುಂಗೆಯ ದಡದಲ್ಲಿ ನಾಗರಹಾವು ಪ್ರಸವಿಸುವ ಕಪ್ಪೆಗೆ ಹೆಡೆಯ ನೆರಳು ನೀಡಿದ ಕಥೆಯನ್ನು ಸಾರುವ ಕಪ್ಪೆಶಂಕರನ ಶಿಲ್ಪವಿದೆ. ಪ್ರವಾಹದಲ್ಲಿ ಅದು ಮುಳುಗಿದ್ದಿತು. ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯ ಮಳೆಯಲ್ಲಿ ತೊಳೆದು ಕಪ್ಪಗೆ ಹೊಳೆಯುತ್ತಿದ್ದಿತು. ಶಾರದಾಂಬೆಯ ಸನ್ನಿಧಿಯಲ್ಲಿ ಆ ಹೊತ್ತು ಜನವಿಲ್ಲ. ನವರಾತ್ರಿಯಲ್ಲಿ ದೇವಿಗೆ ವೀಣಾಶಾರದೆಯ ಅಲಂಕಾರ ಮಾಡುವ ಈ ಪೀಠಕ್ಕೂ ಸಂಗೀತಕ್ಕೂ ನಂಟು ಹಳೆಯದು. ಇಲ್ಲಿ ಪೀಠಾಧಿಪತಿಗಳಾಗಿದ್ದ ವಿದ್ಯಾರಣ್ಯರು 'ಸಂಗೀತಸಾರ'ವೆಂಬ ಗ್ರಂಥವನ್ನು ರಚಿಸಿದರೆಂದು ಹೇಳುವರು. ಆ ಗ್ರಂಥ ಈಗ ಇಲ್ಲ. ಅದರಲ್ಲಿ ಹದಿನೈದು ಮೇಳಗಳೂ ಐವತ್ತು ರಾಗಗಳೂ ನಿರೂಪಿತವಾಗಿದ್ದುವೆಂಬುದು ತಂಜಾವೂರಿನ ಗೋವಿಂದ ದೀಕ್ಷಿತರು ಹದಿನೇಳನೆಯ ಶತಮಾನದಲ್ಲಿ ತಮ್ಮ 'ಸಂಗೀತಸುಧಾ'ದಲ್ಲಿ ಬರೆದಿಟ್ಟುದರಿಂದ ಮಾತ್ರ ನಮಗೆ ತಿಳಿದಿದೆ. ಓಲೆ ಹೋಯಿತು, ರಾಗಗಳು ಮಾತ್ರ ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ದಾಟುತ್ತ ಬಂದುವು. ಆ ಸಾಲಿನಲ್ಲಿ ಯಾರೋ ಒಬ್ಬರು ನಮ್ಮಂತೆ ತಲೆಯಾಡಿಸಿ "ಬಂದಿತು" ಎಂದಿದ್ದರೆ, ಆ ಗಮಕ ಅಲ್ಲಿಗೇ ನಿಲ್ಲುತ್ತಿದ್ದಿತು.

ವೇದಾಂತಿಗಳು ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಮೆಟ್ಟಿಲುಗಳನ್ನು ಹೇಳುವರು. ಚಿಕ್ಕಂದಿನಿಂದ ಈ ಮಾತನ್ನು ಕೇಳಿ ಬಲ್ಲೆವು. ಆದರೆ ಮೊದಲನೆಯದು ಸುಲಭ, ಕಷ್ಟವೆಲ್ಲ ಮುಂದಿನ ಎರಡರಲ್ಲಿ ಎಂದೇ ನಮ್ಮ ಭಾವನೆಯಾಗಿದ್ದಿತು. ಮೂರು ನಿಮಿಷದ ಒಂದು ತಟ್ಟೆ ಆ ಭ್ರಮೆಯನ್ನು ಕಳೆಯಿತು.

ಹಿಂದಿರುಗಿದ ಮೇಲೆ ಮಧ್ಯಾಹ್ನದ ಮಳೆಯಲ್ಲಿ ದೊಡ್ಡಮ್ಮ ತಮ್ಮ ಮಾವನವರ ಮೈಸೂರಿನ ಕಥೆಗಳನ್ನು ತೆಗೆದರು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದುದು, ಅದಕ್ಕೆ ಆಕಾಶವಾಣಿಯೆಂದು ಹೆಸರಾದುದು, ಮುಂದೆ ಅಖಿಲ ಭಾರತ ಬಾನುಲಿಯೇ ಆ ಹೆಸರನ್ನು ತನ್ನದಾಗಿಸಿಕೊಂಡುದು, ಇದೆಲ್ಲ ನಾಡಿಗೆ ತಿಳಿದ ಸಂಗತಿ. ಇಂತಿಷ್ಟು ಗಂಟೆಗೆ ಇಂತಹವರ ಕಛೇರಿಯೆಂದರೆ, ಆ ಗಂಟೆಗೆ ಕೇಳದವರಿಗೆ ಅದು ಮತ್ತೆ ಇಲ್ಲ. ಆದುದರಿಂದ ಜನ ಮನೆಗೆಲಸವನ್ನು ಮುಗಿಸಿ ಕಾದು ಕುಳಿತಿರುತ್ತಿದ್ದರೆಂದು ಮಾವನವರು ಹೇಳುತ್ತಿದ್ದರಂತೆ.

ಮೈಸೂರಿಗೂ ತಟ್ಟೆಗಳಿಗೂ ಇನ್ನೂ ಹತ್ತಿರದ ಸಂಬಂಧವಿದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮೊತ್ತಮೊದಲು ಗ್ರಾಮಫೋನಿಗೆ ಹಾಡಿದ ಭಾರತೀಯರಲ್ಲಿ ಪ್ರಸಿದ್ಧಳಾದ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನವಿದುಷಿಯಾಗಿ ಕಳೆದು, 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು. ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಆಕೆಯ ತಟ್ಟೆಗಳ ಗುರುತು. ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಹಾಗೆ ಮಾಡುತ್ತಿದ್ದರೆಂದು ಹೇಳುವರು. ನಮ್ಮ ವೀಣೆಯ ವಿದ್ವಾಂಸರು ಹಾಗೆ ಹೇಳಿಕೊಂಡಿದ್ದರೆ ಚೀಟಿ ಸವೆದರೂ ಹೆಸರು ಉಳಿಯುತ್ತಿದ್ದಿತಲ್ಲ ಎಂದು ನಾವು ಪೇಚಾಡಿದೆವು. ಜಯಚಾಮರಾಜ ಒಡೆಯರಾದರೋ, ಲಂಡನ್ನಿನಲ್ಲಿ ನೆಲಸಿದ್ದ ರಷ್ಯಾದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನು ಮುಪ್ಪಿನಲ್ಲಿ ಮರೆಗೆ ಸಂದಿದ್ದಾಗ, 1940ರ ದಶಕದ ಕೊನೆಯಲ್ಲಿ ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ತಟ್ಟೆಗಳಲ್ಲಿ ಹಿಡಿದಿಡಲು ದ್ರವ್ಯಸಹಾಯ ಮಾಡಿದರು. ಕೃತಜ್ಞನಾದ ಮೆಟ್ನರನು ತನ್ನ ಮೂರನೆಯ ಪಿಯಾನೋ ಕಂಚರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದನು. ಆತನು 1951ರಲ್ಲಿ ತೀರಿಕೊಂಡನು, ತಟ್ಟೆಗಳು ಉಳಿದುವು. ಕೇಳುವವನೊಬ್ಬನು ಮನಸ್ಸಿಟ್ಟು ಕೇಳಿದುದರ ಫಲ ಅದು.

ಎರಡನೆಯ ಸಂಜೆ. ಫೋನುಗಳೆರಡನ್ನೂ ದೇವರ ಕೋಣೆಯ ಗೂಡಿನಲ್ಲಿ ಮೂರನೆಯದರ ಪಕ್ಕಕ್ಕೆ ಇರಿಸಿ ಬಂದೆವು. ನಿನ್ನೆಯ ತಟ್ಟೆಯನ್ನೇ ಹಾಕಬೇಕೆಂದು ಕೇಳಿಕೊಂಡೆವು. ದೊಡ್ಡಮ್ಮ ಹುಬ್ಬೇರಿಸಿದರೂ ಏನನ್ನೂ ಕೇಳದೆ ಕೀಲಿ ತಿರುಗಿಸಿದರು.

ಮೊದಲನೆಯ ನಿಮಿಷ ಮನಸ್ಸು ಹಗ್ಗ ಕಟ್ಟಿದ ಕರುವಿನಂತೆ ಜಗ್ಗಿತು. ಜಗ್ಗಿದಾಗಲೆಲ್ಲ ಅದನ್ನು ತಟ್ಟೆಯ ಟಿಕ್ಕಿಗೆ ತಂದು ಕಟ್ಟಿದೆವು; ಬಿರುಕಿನ ಆ ಸದ್ದು ನಮಗೆ ತಾಳ ಹಾಕುವವನಾಗಿ ಒದಗಿತು. ಎರಡನೆಯ ನಿಮಿಷದಲ್ಲಿ ಜಗ್ಗಾಟ ತಗ್ಗಿತು. ಒಂದು ಸ್ವರವನ್ನು ಮೀಟಿ, ತಂತಿಯನ್ನು ಎಳೆದು, ಇನ್ನೊಂದು ಸ್ವರಕ್ಕೆ ಮುಟ್ಟಿಸಿ, ಅಲ್ಲಿ ನಿಲ್ಲದೆ ಹಿಂದಿರುಗುವ ಬೆರಳು ಕಣ್ಣಿಗೆ ಕಟ್ಟಿದಂತಾಯಿತು. ಅನಂತರ ನಾವು ಕೇಳುತ್ತಿದ್ದೇವೆಂಬ ನೆನಪೂ ಇರಲಿಲ್ಲ. ಮುಕ್ತಾಯ ಹತ್ತಿರವಾದಾಗ ಎಚ್ಚೆತ್ತು, ಉಸಿರು ಬಿಗಿಹಿಡಿದು ಕಾದೆವು. ವೀಣೆಯಲ್ಲಿ ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರೆಂಬುದನ್ನು ವಾಚಕರು ಬಲ್ಲರು. ಒಂದು ಮೀಟು ಬಂದಿತು. ಮತ್ತೊಂದು ಬಂದಿತು. ಇನ್ನೇನು ಸೂಜಿ ಒಳಗಣ ಬರಿಯ ಸುತ್ತಿಗೆ ಜಾರಬೇಕು ಎನ್ನುವಷ್ಟರಲ್ಲಿ, ತೀರ ಸಣ್ಣದಾಗಿ, ಹನಿಯ ಕೊನೆಯಲ್ಲಿ ಉಳಿದ ಹನಿಯಂತೆ, ಮೂರನೆಯದೊಂದು.

ಮಾತನಾಡಲು ಧೈರ್ಯವಾಗದೆ, ನಾವಿಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಬೆರಳುಗಳನ್ನು ಮಡಿಲಲ್ಲಿ ತೋರಿಸಿಕೊಂಡೆವು. ಇಬ್ಬರದೂ ಮೂರೇ.

"ದೊಡ್ಡಮ್ಮ, ನಿನ್ನೆ ನಾವು ಸುಳ್ಳು ಹೇಳಿದೆವು. ಕೇಳಿರಲೇ ಇಲ್ಲ. ಈ ಹೊತ್ತು ಕೇಳಿದೆವು. ಎರಡಲ್ಲ, ಮೂರಿವೆ" ಎಂದೆವು.

ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಸುಳ್ಳಿಗಾಗಿ ನೊಂದರೋ ಎಂದು ನಮಗೆ ಅಂಜಿಕೆಯಾಯಿತು. ಕೊನೆಗೆ, "ಹೌದು, ಮೂರು. ಅವರು ಇದ್ದಾಗ ಮೂರನೆಯದಕ್ಕೆ ಬೆರಳೆತ್ತುತ್ತಿದ್ದರು" ಎಂದರು. ಅವರು ಎಂದರೆ ನಮ್ಮ ದೊಡ್ಡಪ್ಪ; ತೀರಿಕೊಂಡು ಹನ್ನೊಂದು ವರ್ಷ. "ಕಿವಿಗೆ ಬೀಳದುದು ಮನಸ್ಸಿನಿಂದಲೂ ಜಾರಿಹೋಗಿದ್ದಿತು ನೋಡಿ. ಎರಡೇ ಎಂದು ನಂಬಿಬಿಟ್ಟಿದ್ದೆ. ನೀವು ಹೂಂ ಎಂದುದರಿಂದ ನಿನ್ನೆ ಅದು ಖಂಡಿತವೂ ಆಗಿದ್ದಿತು."

ನಮ್ಮ ತಲೆಯಾಡಿಕೆಯ ಬೆಲೆ ಆಗ ನಮಗೆ ತಿಳಿಯಿತು.

ಮೂರನೆಯ ಸಂಜೆ ಮತ್ತೆ ಅದೇ ತಟ್ಟೆ, ಮತ್ತೊಂದು ಸೂಜಿ. ಹೊಸದೇನೂ ಇರಲಾರದೆಂದುಕೊಂಡಿದ್ದೆವು. ಆದರೆ ಆರಂಭದಲ್ಲಿ, ಮೊದಲ ಮೀಟಿಗೂ ಮುನ್ನ, ಯಾರೋ ಕುಳಿತಲ್ಲಿಯೇ ಸರಿದುಕೊಂಡಂತಹ ಸಣ್ಣ ಕಿರುಕು ಇದೆ. ನಡುವೆ ಒಂದೆಡೆ ಎಡಗೈಯ ಬೆರಳು ಮೆಟ್ಟಿಲ ಮೇಲೆ ಉಜ್ಜಿದ ಸದ್ದಿದೆ. ಹೆಸರಳಿದ ಆ ವಿದ್ವಾಂಸರು ಆ ಮೂರು ನಿಮಿಷ ಮೆಣಸೆಯ ನಡುಮನೆಯಲ್ಲಿ ನಮ್ಮೆದುರಿಗೇ ಕುಳಿತಿದ್ದರು. ಹೆಸರು ತಿಳಿಯದುದು ನಮಗೆ ಆಗ ಕೊರತೆಯಾಗಿ ತೋರಲಿಲ್ಲ. ಮೂರನೆಯ ಮೀಟು ಬಂದಾಗ ನಾವು ಬೆರಳೆತ್ತಿದೆವು. ದೊಡ್ಡಮ್ಮ ನಮ್ಮ ಬೆರಳನ್ನು ನೋಡಿ ತಲೆದೂಗಿದರು.

ಹಿಂದಿನವರೆಲ್ಲರೂ ಏಕಾಗ್ರಚಿತ್ತರು, ಇಂದಿನವರೆಲ್ಲರೂ ಚಂಚಲರು ಎಂದು ಹೇಳುವ ಉದ್ದೇಶ ನಮಗಿಲ್ಲ. ಕಛೇರಿಯ ನಡುವೆ ಒಡವೆ ವಸ್ತ್ರಗಳ ವಿಚಾರವನ್ನು ಮಾತನಾಡುವ ಪದ್ಧತಿ ಗ್ರಾಮಫೋನಿಗಿಂತ ಹಳೆಯದು. ಫೋನಿನ ಉಪಕಾರವನ್ನೂ ಮರೆಯಬಾರದು: ಧಾರವಾಡದ ಮಲ್ಲಿಕಾರ್ಜುನ ಮನ್ಸೂರರನ್ನಾಗಲಿ, ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರನ್ನಾಗಲಿ ಇಂದು ಬಡವನೂ ಬೇಕೆಂದಾಗ ಕೇಳಬಹುದು, ನಮ್ಮ ಹಿರಿಯರಿಗೆ ಆ ಭಾಗ್ಯವಿರಲಿಲ್ಲ. ದೋಷವಿರುವುದು ಉಗ್ರಾಣದಲ್ಲಿ ಅಲ್ಲ. ಎಲೆಗೆ ಬಡಿಸಿಕೊಳ್ಳದೆ ಉಗ್ರಾಣದಲ್ಲಿಯೇ ತಿರುಗಾಡುತ್ತಿರುವ ನಮ್ಮಲ್ಲಿ.

ಊರಿಗೆ ಬಂದ ಮೇಲೆ ನಾವು ಮನೆಯಲ್ಲಿ ನಡೆಸುತ್ತಿರುವ ಕ್ರಮವನ್ನು ವಾಚಕರ ಮುಂದಿಡುತ್ತೇವೆ. ದೀಪ ಹಚ್ಚಿದ ಮೇಲೆ ದಿನಕ್ಕೆ ಒಂದೇ ಕೃತಿ. ಯಾವುದೆಂದು ಬೆಳಗ್ಗೆಯೇ ನಿಶ್ಚಯಿಸಿರಬೇಕು, ಸಂಜೆ ಹುಡುಕುವಂತಿಲ್ಲ. ಹಾಡನ್ನು ಹಚ್ಚಿ ಫೋನನ್ನು ಮುಖ ಕೆಳಗಾಗಿ ಕೈಗೆಟುಕದಲ್ಲಿ ಇಡಬೇಕು. ಕಿವಿಗೆ ಬೆಣೆಯಿಲ್ಲ, ಮನೆಯವರೆಲ್ಲರೂ ಒಟ್ಟಿಗೆ ಕೇಳಬೇಕು. ಮುಗಿದ ಮೇಲೆ ಒಬ್ಬೊಬ್ಬರೂ ತಾವು ಕೇಳಿದ ಒಂದು ಸಂಗತಿಯನ್ನು ಹೇಳಬೇಕು. ಕೇಳಲಿಲ್ಲವಾದರೆ ಕೇಳಲಿಲ್ಲವೆಂದು ಹೇಳಬೇಕು. ಒಂದೇ ಕೃತಿ ವಾರವೆಲ್ಲ ಬಂದರೂ ಬಾಧಕವಿಲ್ಲ. ಇಯರ್‌ಫೋನನ್ನು ಬಿಡಲಾರದ ಎಳೆಯರಿಗೆ ಒಂದು ಎಚ್ಚರಿಕೆ: 80 ಡೆಸಿಬೆಲ್‌ನಷ್ಟು ಸದ್ದನ್ನು ವಾರಕ್ಕೆ 40 ಗಂಟೆಗಳಿಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದಾರೆ. ದೊಡ್ಡಮ್ಮನವರಿಗೆ ಎಂಬತ್ತೊಂದರಲ್ಲಿ ಬಂದುದು ನಮಗೆ ಐವತ್ತರಲ್ಲಿ ಬರಬೇಕಾಗಿಲ್ಲ.

ಮೂರನೆಯ ರಾತ್ರಿ ಕಳೆದು ನಾವು ಹೊರಡುವ ಬೆಳಗ್ಗೆ, ಇನ್ನೂ ಮಬ್ಬಿರುವಾಗ, ಹಳ್ಳದ ಕಡೆಯಿಂದ ಸಿಳ್ಳಾರ ಹಕ್ಕಿ ಹಾಡಿತು. ಹಾದಿಯಲ್ಲಿ ಸುಮ್ಮನೆ ಹೋಗುವ ಹುಡುಗನೊಬ್ಬನು ಏನನ್ನೋ ನೆನೆಸಿಕೊಂಡು ಶಿಳ್ಳೆ ಹಾಕಿದಂತೆ ಅದರ ಹಾಡು. ಎಲ್ಲಿಯೂ ನಿಲ್ಲದು, ಎಲ್ಲಿಗೂ ಮುಟ್ಟದು. ದೊಡ್ಡಮ್ಮ ಅಂಗಳದಲ್ಲಿ ಬಲಗಿವಿಯನ್ನು ಮುಂದುಮಾಡಿ ನಿಂತಿದ್ದರು. "ಇದು ಇನ್ನೂ ಬರುತ್ತಿದೆ" ಎಂದರು. ಹಕ್ಕಿ ಸುಮ್ಮನಾಗುವವರೆಗೆ ನಾವೂ ಅಲ್ಲಿಯೇ ನಿಂತೆವು. ಅದರಿಂದ ಶೃಂಗೇರಿಯ ಮೊದಲ ಬಸ್ಸು ತಪ್ಪಿತು.

ಬೆಂಗಳೂರಿನಲ್ಲಿ ವಿಚಾರಿಸಲಾಗಿ, ಗ್ರಾಮಫೋನಿನ ಉಕ್ಕಿನ ಸೂಜಿಗಳು ಈಗಲೂ ದೊರೆಯುವುವೆಂದು ತಿಳಿಯಿತು. ಎರಡು ಡಬ್ಬಿ ಕೊಂಡು ಅಂಚೆಯಲ್ಲಿ ಕಳುಹಿಸಿದೆವು. ಹದಿನೈದು ದಿನಗಳ ಮೇಲೆ ಕಾಗದ ಬಂದಿತು. ಎಂದಿನಂತೆ ಮೂರೇ ಪಂಕ್ತಿ: ಸೂಜಿ ತಲುಪಿತು, ಮಳೆ ತಗ್ಗಿದೆ, ಕೊಳೆ ತಗಲಿಲ್ಲ, ಪಕ್ಕದ ಮನೆಯ ಹುಡುಗಿ ಸಂಜೆ ಬಂದು ಕುಳಿತು ಕೇಳುತ್ತಾಳೆ, ಮೂರನೆಯದಕ್ಕೆ ಬೆರಳೆತ್ತುವುದನ್ನು ಅವಳಿಗೆ ಹೇಳಿಕೊಟ್ಟಿದೆ.